‘ಕಾಲರ್’ ಎಂಬ ಕೋಪ

ಇಂಗ್ಲಿಷಿನಲ್ಲಿ ಕೋಪವನ್ನು ಸೂಚಿಸುವ ಮಾತುಗಳಿಗೆ ಬಡತನವಿಲ್ಲ. ಅವುಗಳಲ್ಲಿ ಈಗ ಬಳಕೆ ತಪ್ಪಿ, ಹಳೆಯ ಕಾವ್ಯನಾಟಕಗಳಲ್ಲಿಯೇ ಹೆಚ್ಚಾಗಿ ಕಾಣಸಿಗುವ ‘ಕಾಲರ್’ ಎಂಬ ಶಬ್ದವನ್ನು ಈ ಹೊತ್ತು ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಅಂಗಿಯ ಕಾಲರಿಗೂ ಇದಕ್ಕೂ ನಂಟಿಲ್ಲ. ಆದರೆ ಕಿವಿಗೆ ಎರಡೂ ಒಂದೇ. ಷೇಕ್ಸ್‌ಪಿಯರ್ ಮಹಾಕವಿಯು ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಮೊದಲ ದೃಶ್ಯದಲ್ಲಿಯೇ ಇಬ್ಬರು ಸೇವಕರಿಂದ ಈ ಶ್ಲೇಷೆಯನ್ನು ಆಡಿಸಿ, ಕೋಪದ ಕಾಲರನ್ನು ನೇಣಿನ ಕುಣಿಕೆಯವರೆಗೂ ಎಳೆದಿದ್ದಾನೆ.

ಶಬ್ದವು ಫ್ರೆಂಚ್, ಲ್ಯಾಟಿನ್‌ಗಳ ಮಾರ್ಗವಾಗಿ ಗ್ರೀಕಿನಿಂದ ಬಂದುದು. ಗ್ರೀಕಿನಲ್ಲಿ ‘ಖೊಲೆ’ ಎಂದರೆ ಪಿತ್ತರಸ. ಅದರ ಮೂಲಧಾತುವಿಗೆ ಹಳದಿ, ಹೊಳಪು ಎಂಬ ಅರ್ಥವನ್ನು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಂಗ್ಲಿಷಿನ ‘ಯೆಲ್ಲೋ’, ‘ಗೋಲ್ಡ್’ಗಳೂ ಸಂಸ್ಕೃತದ ‘ಹರಿ’, ‘ಹಿರಣ್ಯ’ಗಳೂ ಅದೇ ವಂಶದವು. ರಕ್ತ, ಕಫ, ಹಳದಿ ಪಿತ್ತ, ಕರಿಯ ಪಿತ್ತ ಎಂಬ ನಾಲ್ಕು ರಸಗಳ ಸಮತೆಯೇ ಆರೋಗ್ಯವೆಂಬುದು ಗ್ರೀಕ್ ವೈದ್ಯರ ಮತ. ಕ್ರಿಸ್ತಶಕ 2ನೆಯ ಶತಮಾನದ ಗೇಲನ್ ಅದನ್ನು ಬಲಪಡಿಸಿದನು. ಯೂರೋಪು ಸಾವಿರ ವರ್ಷಗಳಿಗೂ ಮಿಕ್ಕಿ ಅದನ್ನು ನಂಬಿತು. ಹಳದಿ ಪಿತ್ತ ಹೆಚ್ಚಿದವನು ಕೃಶಾಂಗ, ಮುಂಗೋಪಿ. 14ನೆಯ ಶತಮಾನದ ಚಾಸರ್ ಕವಿಯ ‘ಕ್ಯಾಂಟರ್ಬರಿ’ ಕಥೆಗಳ ಕಾರಭಾರಿ ಇಂಥವನೇ. ಆ ಕಥೆಗಳಲ್ಲಿಯೇ ಒಂದು ಹೇಂಟೆ, ಕೆಟ್ಟ ಕನಸು ಕಂಡ ತನ್ನ ಹುಂಜನಿಗೆ ಪಿತ್ತವೇ ಕಾರಣವೆಂದು ಭೇದಿಯ ಔಷಧವನ್ನು ವಿಧಿಸುತ್ತದೆ!

‘ಕಾಲರಾ’ ಎಂಬ ರೋಗದ ಹೆಸರೂ ಈ ಶಬ್ದದ ಒಡಹುಟ್ಟು. ವಾಂತಿಭೇದಿಗೆ ಗ್ರೀಕರು ಇಟ್ಟಿದ್ದ ಆ ಹೆಸರು, 1817ರಲ್ಲಿ ಬಂಗಾಳದಿಂದ ಹಬ್ಬಿದ ಮಹಾಮಾರಿಗೂ ಅಂಟಿಕೊಂಡಿತು. 1884ರಲ್ಲಿ ಕಲ್ಕತ್ತೆಯಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನು ಬೇರ್ಪಡಿಸಿದ ಮೇಲೆ ಪಿತ್ತಕ್ಕೆ ಆ ಆರೋಪದಿಂದ ಬಿಡುಗಡೆಯಾಯಿತೇನೋ ನಿಜ, ಹೆಸರು ಮಾತ್ರ ಉಳಿಯಿತು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವುಂಟು. ‘ಹ್ಯಾಮ್ಲೆಟ್’ ನಾಟಕದಲ್ಲಿ ರಾಜನು ಕದಡಿಹೋಗಿರುವನೆಂಬ ಸುದ್ದಿಯನ್ನು ಗಿಲ್ಡನ್‌ಸ್ಟರ್ನ್ ತರುತ್ತಾನೆ. ಕುಡಿತದಿಂದಲೋ ಎಂದು ಹ್ಯಾಮ್ಲೆಟ್ ಕೇಳಿದರೆ, ಅಲ್ಲ, ‘ಕಾಲರ್’ನಿಂದ ಎಂಬ ಉತ್ತರ. ಹಾಗಾದರೆ ವೈದ್ಯನ ಬಳಿಗೆ ಹೋಗಬೇಕಾಗಿತ್ತು, ತಾನು ಶೋಧನ ಮಾಡಿದರೆ ವ್ಯಾಧಿ ಮತ್ತಷ್ಟು ಹೆಚ್ಚೀತು ಎನ್ನುತ್ತಾನೆ ರಾಜಕುಮಾರ. ಕೋಪವೆಂಬ ಅರ್ಥವೊಂದನ್ನೇ ಬಲ್ಲ ಇಂದಿನ ಆಂಗ್ಲ ವಾಚಕನಿಗೆ ಇಲ್ಲಿ ಅಡಿಟಿಪ್ಪಣಿ ಬೇಕು. ಅನುವಾದಕರು ‘ಕೋಪ’ವೆಂದು ಬರೆದು ಮುಂದೆ ಸಾಗಿದರೆ ನಮಗೂ ಅದೇ ಗತಿ. ಆಯುರ್ವೇದದ ತ್ರಿದೋಷಗಳೂ ಗ್ರೀಕರ ನಾಲ್ಕು ರಸಗಳೂ ಒಂದೇ ಅಲ್ಲ, ದಿಟ. ಆದರೂ ಶ್ರೋತೃಗಳೇ, ಪಿತ್ತ ಕೆರಳಿತು, ಪಿತ್ತ ನೆತ್ತಿಗೇರಿತು ಎಂದು ಈಗಲೂ ಆಡುವವರು ನಾವು. ರಾಜನಿಗೆ ಪಿತ್ತ ಕೆರಳಿದೆಯೆಂದು ದೂತನು ಕನ್ನಡದಲ್ಲಿ ಹೇಳಲಿ. ವೈದ್ಯನನ್ನು ಕರೆಯಿರೆಂಬ ಹ್ಯಾಮ್ಲೆಟನ ಕೊಂಕು ಯಾವ ಟಿಪ್ಪಣಿಯೂ ಇಲ್ಲದೆ ಸಭೆಯನ್ನು ನಗಿಸುತ್ತದೆ.