ಮಾಮನ ಆರ್ಕೆಸ್ಟ್ರಾ ಕೂಲ್ ಆಗೋದು ಯಾವಾಗ?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ವೈಯಾಲಿಕಾವಲ್‌ನ ನಮ್ಮ ಮನೆ ಮೇಲಿನ ರೂಮಿಂದ ಮಾತಾಡ್ತಿದೀನಿ. ಮಧ್ಯೆ ಕುಕ್ಕರ್ ಕೂಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ತಿಂಗಳು ಒಂದು ಪಬ್‌ನಲ್ಲಿ ‘ಕನ್ನಡ ರೆಟ್ರೋ ನೈಟ್’ ಇತ್ತು. ಡಿಜೆ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಆ ಇಂಗ್ಲಿಷ್ ಹಾಡು ಹಾಕಿದ. ಯಾವುದು ಅಂತ ನಿಮಗೇ ಗೊತ್ತು. 1978ರ ಸಿನಿಮಾ, ಅಣ್ಣಾವ್ರ ದನಿ, ಜಿ.ಕೆ. ವೆಂಕಟೇಶ್ ಸಂಗೀತ. ಇಡೀ ಪಬ್ ಎದ್ದು ನಿಂತು ಹಾಡ್ತು. ಅದು ಮುಗಿದ ತಕ್ಷಣ ‘ಪ್ರೇಮಲೋಕ’. ಪಕ್ಕದಲ್ಲಿದ್ದ ಹುಡುಗನ ಟೀ ಶರ್ಟ್ ಮೇಲೆ ಶಂಕರ್‌ನಾಗ್ ನಗ್ತಾ ಇದ್ರು. ನಾನೂ ಗಂಟಲು ಹರಿಯೋ ಹಾಗೆ ಹಾಡಿದೆ. ಆದ್ರೆ ‘ಪ್ರೇಮಲೋಕ’ದ ಮೊದಲ ಕೀಬೋರ್ಡ್ ಪೀಸ್ ಬಂದಾಗ ನನಗೆ ಒಂಥರಾ ಆಯ್ತು.

ಯಾಕೆ ಅಂದ್ರೆ, ಆ ಪೀಸನ್ನ ನಮ್ಮ ಮಾಮ ನುಡಿಸ್ತಾರೆ. ಅಮ್ಮನ ತಮ್ಮ. ಇಪ್ಪತ್ತೈದು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ಗಣೇಶನ ಪೆಂಡಾಲು, ಅಣ್ಣಮ್ಮ ದೇವಿ ಕೂರಿಸಿದ ರಾತ್ರಿ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಹಳೇ ಬೆಂಗಳೂರಲ್ಲಿ ಬೆಳೆದೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ರಸ್ತೆಗೆ ಅಡ್ಡ ಹಾಕಿದ ಸ್ಟೇಜು, ಕೆಂಪು ಪ್ಲಾಸ್ಟಿಕ್ ಕುರ್ಚಿ, ಮಿಂಚೋ ಕೋಟು ಹಾಕಿದ ಗಾಯಕ, ಕೈಕಡಗ ತಿರುಗಿಸೋ ಜೂನಿಯರ್ ವಿಷ್ಣುವರ್ಧನ್.

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಇಬ್ಬರು ಫ್ರೆಂಡ್ಸ್ ಮನೆಗೆ ಬಂದಿದ್ರು. ವಾಪಸ್ ಬಿಡೋಕೆ ಹೋಗ್ತಾ ಪೆಂಡಾಲ್ ಮುಂದೇನೇ ದಾಟ್ಬೇಕಿತ್ತು. ಅಲ್ಲಿ ಇದೇ ‘ಪ್ರೇಮಲೋಕ’. ಒಬ್ಬ ನಕ್ಕು, “ಏನ್ ಗುರೂ, ನಿಮ್ಮ ಏರಿಯಾ ಫುಲ್ ಲೋಕಲ್ಲು” ಅಂದ. ಸ್ಟೇಜ್ ಮೇಲಿಂದ ಮಾಮ ನನ್ನ ನೋಡಿ, ಒಂದು ಕೈ ಕೀ ಮೇಲೇ ಇಟ್ಟು ಇನ್ನೊಂದು ಕೈ ಬೀಸಿದ್ರು. ನಾನು ಮೊಬೈಲ್ ನೋಡ್ಕೊಂಡು ಮುಂದೆ ಹೋದೆ. ಫ್ರೆಂಡ್, “ಯಾರೋ ಅದು?” ಅಂದ. “ಗೊತ್ತಿಲ್ಲ” ಅಂದೆ.

ಅದೇ ಹಾಡು. ಅಲ್ಲಿ ಲೋಕಲ್, ಇಲ್ಲಿ ಕೂಲ್. ಮಧ್ಯೆ ಏನಾಯ್ತು?

ಜೇಮ್ಸ್ ಲೇವರ್ ಅಂತ ಇಂಗ್ಲೆಂಡಿನ ಒಬ್ಬ ಬರಹಗಾರ, ಉಡುಪಿನ ಇತಿಹಾಸ ಬರೆದೋನು, 1937ರಲ್ಲೇ ಒಂದು ಲೆಕ್ಕ ಕೊಟ್ಟಿದ್ದ. ಫ್ಯಾಷನ್ ಹೋಗಿ ಹತ್ತು ವರ್ಷಕ್ಕೆ ಆ ಬಟ್ಟೆ ಅಸಹ್ಯ, ಇಪ್ಪತ್ತಕ್ಕೆ ನಗೆಪಾಟಲು, ಮೂವತ್ತಕ್ಕೆ ಮಜಾ, ಎಪ್ಪತ್ತಕ್ಕೆ ಚೆಂದ. ‘ಪ್ರೇಮಲೋಕ’ ಬಂದಿದ್ದು 1987. ಮೂವತ್ತು ಕೂಡಿಸಿ ನೋಡಿ, ಹೆಚ್ಚೂಕಮ್ಮಿ ಸರಿಯಾಗೇ ಇದೆ. ನಾವು ಬಿ.ಕಾಂ.ನಲ್ಲಿ ಡಿಪ್ರಿಸಿಯೇಷನ್ ಓದಿದೀವಿ: ಮೆಷಿನ್ ಬೆಲೆ ವರ್ಷ ವರ್ಷ ಇಳಿದು ಕೊನೆಗೆ ಗುಜರಿ ಬೆಲೆಗೆ ನಿಲ್ಲುತ್ತೆ. ಆಮೇಲೆ ಅದನ್ನ ಯಾರೋ ಆಂಟಿಕ್ ಅಂತ ಕೊಂಡ್ರೆ ಏನು ಮಾಡ್ಬೇಕು ಅಂತ ಮಾತ್ರ ಮೇಷ್ಟ್ರು ಹೇಳಿಕೊಡ್ಲಿಲ್ಲ.

ಆದ್ರೆ ಬರೀ ವರ್ಷದ ಲೆಕ್ಕ ಸಾಲದು. ಅಬ್ಬಾ ನೋಡಿ, ಸ್ವೀಡನ್ನಿನ ಬ್ಯಾಂಡು. 1974ರಲ್ಲಿ ಯೂರೋವಿಷನ್ ಗೆದ್ರು, ಎಂಬತ್ತರ ದಶಕದ ಶುರುವಿನಲ್ಲಿ ನಿಲ್ಲಿಸಿದ್ರು. ಆಮೇಲೆ ಸುಮಾರು ಹತ್ತು ವರ್ಷ ಅವರ ಹಾಡು ಇಷ್ಟ ಅಂತ ಹೇಳ್ಕೊಳ್ಳೋಕೆ ಜನ ನಾಚ್ಕೋತಿದ್ರು. 1992ರಲ್ಲಿ ‘ಅಬ್ಬಾ ಗೋಲ್ಡ್’ ಅನ್ನೋ ಸಂಗ್ರಹ ಬಂತು, ಅದೇ ವರ್ಷ ಯು2 ತಮ್ಮ ಸ್ಟೇಜ್ ಮೇಲೆ ಅಬ್ಬಾ ಹಾಡಿದ್ರು. ಕಪ್ಪು ಕನ್ನಡಕದ ರಾಕ್ ಸ್ಟಾರುಗಳು ಹಾಡಿದ ಮೇಲೆ ಯಾರಿಗೆ ನಾಚಿಕೆ? ಅಂದ್ರೆ ಮಧ್ಯದಲ್ಲಿ ಒಬ್ಬ ಜಾಮೀನು ನಿಲ್ಲೋನು ಬೇಕು.

ನಮ್ಮಲ್ಲೂ ಹಾಗೇ ಆಗಿದೆ. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಆಯ್ತಲ್ಲ, ಮೈದಾನ ನಮ್ಮ ಮನೆಗೆ ದೂರ ಏನಲ್ಲ. ಜನಸಾಗರ. ಆದ್ರೂ ನನ್ನ ಸ್ಕೂಲಲ್ಲಿ ಷರೀಫರ ಹಾಡು ಅಂದ್ರೆ ರಾಜ್ಯೋತ್ಸವದ ದಿನ ಮಿಸ್ ಬಲವಂತವಾಗಿ ಹಾಡಿಸೋದು, ಅಷ್ಟೇ. 2008ರಲ್ಲಿ ರಘು ದೀಕ್ಷಿತ್ ಆಲ್ಬಮ್ ಬಂತು. ಲುಂಗಿ, ಗೆಜ್ಜೆ, ಕೈಯಲ್ಲಿ ಗಿಟಾರ್, ಬಾಯಲ್ಲಿ ಶಿಶುನಾಳ ಷರೀಫ. 1889ರಲ್ಲಿ ತೀರಿಕೊಂಡ ತತ್ವಪದಕಾರರು ಇದ್ದಕ್ಕಿದ್ದ ಹಾಗೆ ಎಂಜಿನಿಯರಿಂಗ್ ಕಾಲೇಜಿನ ಫೆಸ್ಟ್‌ಗೆ ಬಂದ್ಬಿಟ್ರು. ರಘು ಅದನ್ನ ಪ್ರೀತಿಯಿಂದಾನೇ ಮಾಡಿದ್ದು, ನನಗೆ ಡೌಟೇ ಇಲ್ಲ. ನಾವು ಕೇಳೋರು ಮಾತ್ರ ಗಿಟಾರ್ ಬರೋ ತನಕ ಕಾಯ್ತಾ ಇದ್ವಿ.

‘ಡೈಮಂಡ್ ರಾಕೆಟ್’ ಹಾಡಿನ ದಾರಿ ಬೇರೆ. ಅದು ಮೀಮ್ ಆಗಿ ಬಂತು. ಅಣ್ಣಾವ್ರು ಇಂಗ್ಲಿಷಲ್ಲಿ ಹಾಡ್ತಾರೆ ಅಂತ ಜನ ನಗೋಕೆ ಅಂತಾನೇ ಶೇರ್ ಮಾಡಿದ್ರು. ಆದ್ರೆ ನೂರು ಸಲ ನಕ್ಕ ಮೇಲೆ ಆ ಟ್ಯೂನ್ ತಲೇಲಿ ಕೂತ್ಬಿಡ್ತು. ಕೂರದೆ ಇರುತ್ತಾ? ಇಳಯರಾಜ ಅವರು ಸಹಾಯಕರಾಗಿ ಕೆಲಸ ಮಾಡಿದ್ದೇ ಈ ಜಿ.ಕೆ. ವೆಂಕಟೇಶ್ ಹತ್ರ. ವ್ಯಂಗ್ಯ ಅನ್ನೋದು ಒಂದು ಹಿತ್ತಲ ಬಾಗಿಲು ಅನ್ಸುತ್ತೆ ನನಗೆ. ನಗ್ತಾ ಒಳಗೆ ಬಂದೋರು ಹಾಡು ಚೆನ್ನಾಗಿದ್ರೆ ಅಲ್ಲೇ ಉಳೀತಾರೆ.

ನನಗೆ ಕಸಿವಿಸಿ ಆಗೋದು ಬೇರೆ ಕಡೆ. ಶಂಕರ್‌ನಾಗ್ ಫೋಟೋ ‘ಆಟೋ ರಾಜ’ ಬಂದಾಗಿಂದ ಆಟೋಗಳ ಮೇಲೆ ಇದೆ, ಯಾವತ್ತೂ ಇಳಿದೇ ಇಲ್ಲ. ಅದು ಇಂದಿರಾನಗರದ ಟೀ ಶರ್ಟ್‌ಗೆ ಬಂದ ಮೇಲೆ ‘ರೆಟ್ರೋ’ ಆಯ್ತು. ಹಾಗಾದ್ರೆ ಆಟೋ ಓಡಿಸೋರದ್ದು ಏನು? ಇಷ್ಟು ವರ್ಷ ಬಿಡದೆ ಇಟ್ಕೊಂಡಿದ್ದಕ್ಕೆ ಅವರಿಗೆ ಕೂಲ್ ಅನ್ನೋ ಸರ್ಟಿಫಿಕೇಟ್ ಸಿಗಲ್ಲ. ಬಿಟ್ಟು ವಾಪಸ್ ಬಂದ ನಮಗೆ ಸಿಗುತ್ತೆ. 2022ರಲ್ಲಿ ಲಂಡನ್ನಿನಲ್ಲಿ ಅಬ್ಬಾದ ಹೊಸ ಶೋ ಶುರುವಾಯ್ತಲ್ಲ, ಅಲ್ಲಿ ಜನ ನೋಡೋದು ಆ ನಾಲ್ವರ ಯೌವನದ ಡಿಜಿಟಲ್ ರೂಪಗಳನ್ನ. ಎಪ್ಪತ್ತು ದಾಟಿದ ನಿಜವಾದ ನಾಲ್ವರು ಸ್ಟೇಜ್ ಮೇಲಿಲ್ಲ.

ಮಾಮನ ಆರ್ಕೆಸ್ಟ್ರಾದಲ್ಲಿ ಮೊದಲು ಹನ್ನೆರಡು ಜನ ಇದ್ರು. ಆಮೇಲೆ ಟ್ರ್ಯಾಕ್ ಬಂತು, ತಬಲಾದೋರು ಬೇಡ ಆದ್ರು, ಗಿಟಾರ್‌ನೋರು ಬೇಡ ಆದ್ರು. ರಾತ್ರಿ ಹತ್ತಕ್ಕೆ ಮೈಕ್ ಆಫ್. ಸರಿಯಾದ ನಿಯಮಾನೇ, ಮನೇಲಿ ಮಗು ಇರೋರನ್ನ ಕೇಳಿ. ಆದ್ರೆ ಏಳೂವರೆಗೆ ಭಾಷಣ ಶುರುವಾದ್ರೆ ಹಾಡಿಗೆ ಎಷ್ಟು ಹೊತ್ತು ಉಳೀತು? ಈಗ ಮಾಮ ಮನೇಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡ್ತಾರೆ, ವರ್ಷಕ್ಕೆ ಎಂಟೋ ಹತ್ತೋ ಪ್ರೋಗ್ರಾಂ.

ರೆಟ್ರೋ ನೈಟ್ ನಡೆಸೋ ಹುಡುಗ ನನಗೆ ಪರಿಚಯ. ಒಂದು ರಾತ್ರಿ ಲೈವ್ ಆರ್ಕೆಸ್ಟ್ರಾ ಇಡು ಅಂದೆ. ಖುಷಿಯಾಗಿ ಒಪ್ಕೊಂಡ. ಆದ್ರೆ ಒಂದು ಕಂಡೀಷನ್: “ಎಲ್ರೂ ಆ ಮಿಂಚೋ ಕೋಟ್ ಹಾಕ್ಕೊಂಡ್ ಬರ್ಲಿ ಬ್ರೋ, ವೈಬ್ ಇರುತ್ತೆ.”

ಮೊನ್ನೆ ಭಾನುವಾರ ಮಾಮನ ಮನೆಗೆ ಹೋಗಿ ಹೇಳಿದೆ. ಆ ಗಣೇಶನ ಹಬ್ಬದ ವಿಷಯಾನೂ ಹೇಳ್ಬೇಕು ಅಂತ ಹೋಗಿದ್ದೆ, ಕಾಫಿ ಮುಗಿದ್ರೂ ಬಾಯಿ ಬರ್ಲಿಲ್ಲ. ಮಾಮ ಎಲ್ಲ ಕೇಳಿಸ್ಕೊಂಡ್ರು.

“ಕೋಟು ಹಾಕ್ಕೊಳ್ತಿದ್ದಿದ್ದು ಹಾಡೋನು ಕಣೋ, ನಾನಲ್ಲ. ನಾನು ಅಂಗಿ ಹಾಕ್ಕೊಂಡೇ ಬರ್ತೀನಿ” ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಟ್ರ್ಯಾಕ್ ಅಲ್ಲ ತಾನೇ? ಲೈವ್ ಆದ್ರೆ ತಬಲಾದೋನಿಗೂ ಫೋನ್ ಮಾಡ್ಬೇಕು. ಅವನಿಗೆ ಎಷ್ಟು ಕೊಡ್ತಾರೆ ಅಂತ ಮೊದಲು ಕೇಳು.”

ಇನ್ನೂ ಕೇಳಿಲ್ಲ. ಇವತ್ತು ಸಂಜೆ ಫೋನ್ ಮಾಡ್ತೀನಿ. ಈ ಎಪಿಸೋಡ್ ಮಾಮನೂ ಕೇಳ್ತಾರೆ, ಹಾಗಾಗಿ ಆ ಹಬ್ಬದ ವಿಷಯ ಈಗ ಅವರಿಗೂ ಗೊತ್ತಾಯ್ತು. ಮುಂದಿನ ವಾರ ಸಿಗೋಣ.