ಕಾರಿನೊಳಗಿನ ಸಪ್ಪಳ



ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಹಳಗನ್ನಡ ವ್ಯಾಕರಣ ಹೇಳಿದ ಮನುಷ್ಯ ಇಂದು ಕಾರಿನ ಬಾಗಿಲಿಗೆ ರಬ್ಬರು ಅಂಟಿಸುವ ವಿಷಯ ಮಾತನಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗೆ ಬಂದೀತು. ಆದರೆ ಶಬ್ದವೆಂಬುದು ನನ್ನ ಉದ್ಯೋಗದ ಸರಕೇ ಆಗಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದವನ್ನು ಒಂದು ದ್ರವ್ಯದ ಕಾರ್ಯವೆಂದು ಹೇಳುತ್ತಾನೆ; ಆ ದ್ರವ್ಯ ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆ, ಅದರ ಬಣ್ಣ ಬಿಳುಪು ಎನ್ನುತ್ತಾನೆ. ಆ ಬಿಳುಪಿನ ಮಾತು ಬಂದಾಗಲೆಲ್ಲ ತರಗತಿಯ ಹುಡುಗರು ಮುಸಿಮುಸಿ ನಗುತ್ತಿದ್ದರು. ನಾನೂ ಅದನ್ನು ಬೇಗ ದಾಟಿಸಿ ಮುಂದಿನ ಸೂತ್ರಕ್ಕೆ ಹೋಗುತ್ತಿದ್ದೆ. ಶಬ್ದಕ್ಕೆ ಬಣ್ಣವಿದೆಯೋ ಇಲ್ಲವೋ, ಅದು ತಗಡಿನಲ್ಲಿ ಹರಿಯುತ್ತದೆ, ಸಂದಿಯಲ್ಲಿ ನುಸುಳುತ್ತದೆ, ಭಾರವಾದದ್ದು ಅಡ್ಡ ಬಂದರೆ ಹಿಮ್ಮೆಟ್ಟುತ್ತದೆ ಎಂಬುದನ್ನು ನನ್ನ ಕೈಹಿಡಿದು ತೋರಿಸಿದವನು ತಾಳಿಕೋಟೆಯ ಒಬ್ಬ ಮೆಕ್ಯಾನಿಕ್.

ತಾಳಿಕೋಟೆ ನನ್ನ ಹುಟ್ಟೂರು. 1565ರ ಯುದ್ಧದಿಂದ ನಮ್ಮೂರಿನ ಹೆಸರು ಪಠ್ಯಪುಸ್ತಕ ಸೇರಿದೆ. ಕಾಳಗ ನಡೆದದ್ದು ಮಾತ್ರ ದೂರದ ಕೃಷ್ಣೆಯ ಕಡೆಗೆ. ಸದ್ದು ಒಂದು ಕಡೆ, ಹೆಸರು ಇನ್ನೊಂದು ಕಡೆ. ನಿವೃತ್ತನಾದ ಮೇಲೆ ನಾವಿಬ್ಬರೂ ಅಲ್ಲಿಯ ಹಳೆಯ ಮನೆಗೆ ಬಂದು ನೆಲೆಸಿದೆವು. ಹತ್ತು ವರ್ಷ ಓಡಿದ ಒಂದು ಸಣ್ಣ ಕಾರನ್ನೂ ಕೊಂಡೆವು. ತಿಂಗಳಿಗೊಮ್ಮೆಯಾದರೂ ಬಸವನ ಬಾಗೇವಾಡಿಯ ಮೇಲೆ ಹಾಯ್ದು ವಿಜಯಪುರಕ್ಕೆ ಹೋಗಿಬರುವುದು ರೂಢಿ. ನಮ್ಮದು ಎರೆಯ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರೂ ಅದರ ಜೊತೆಗೇ ಉಬ್ಬಿ ಬಿರಿಯುತ್ತದೆ. ಇಂಥ ದಾರಿಯ ಮೇಲೆ ಹಳೆಯ ಕಾರು ಓಡಿತೆಂದರೆ ಒಳಗೆ ಕುಳಿತವರಿಗೆ ಹಲಗೆ ಬಾರಿಸುವವರ ನಡುವೆ ಕುಳಿತಂತೆ.

ನನ್ನ ಎಡಗಿವಿ ಕೆಲವು ವರ್ಷಗಳಿಂದ ಮಂದ. ಕಾರು ನಡೆಸುವಾಗ ನನ್ನ ಹೆಂಡತಿ ಕುಳಿತುಕೊಳ್ಳುವುದು ಆ ಕಡೆಗೇ. ಕಿವಿಯ ವೈದ್ಯರು ಒಮ್ಮೆ ಹೇಳಿದ ಮಾತು ವ್ಯಾಕರಣದ ಮೇಷ್ಟ್ರಾದ ನನಗೆ ಚೆನ್ನಾಗಿ ನಾಟಿತು: ವಯಸ್ಸಾದ ಕಿವಿಗೆ ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರುತ್ತವೆ. ಸ್ವರಗಳಿಗೆ ಬಲ ಹೆಚ್ಚು. ಸ, ಶ, ತ, ಕ ಮೊದಲಾದವುಗಳ ಗುರುತು ಇರುವುದು ಎತ್ತರದ ಸ್ಥಾಯಿಯ ಸಣ್ಣ ಸದ್ದಿನಲ್ಲಿ. ವಯಸ್ಸಾದ ಕಿವಿಗೆ ಮೊದಲು ತಪ್ಪುವುದೇ ಅದು. ಸಾಲದ್ದಕ್ಕೆ ಇಂಜಿನು, ಗಾಲಿಗಳ ತಗ್ಗುದನಿಯ ಮೊರೆತ ತನಗಿಂತ ಮೇಲಿನ ದನಿಗಳನ್ನೂ ಮುಚ್ಚಿಬಿಡುತ್ತದೆ. ಹೀಗಾಗಿ ಕಾರಿನಲ್ಲಿ ನನಗೆ ಹೆಂಡತಿಯ ಮಾತಿನ ರಾಗ ಕೇಳುತ್ತಿತ್ತು, ಸಾಹಿತ್ಯ ಕೇಳುತ್ತಿರಲಿಲ್ಲ. ಪ್ರತಿ ಸಲ ‘ಏನಂದಿ?’ ಎಂದು ಕೇಳುವುದಕ್ಕೆ ಸಂಕೋಚ. ಅಂದಾಜಿನಿಂದ ಹೂಂಗುಟ್ಟುವುದನ್ನು ಕಲಿತೆ. ಹೆಚ್ಚಿನ ಸಲ ಅಂದಾಜು ಸರಿಯಾಗಿಯೇ ಇರುತ್ತಿತ್ತು.

ಒಂದು ಸಲ ಸರಿಯಾಗಲಿಲ್ಲ. ಬಾಗೇವಾಡಿ ದಾಟಿದ ಮೇಲೆ ಅವಳು ಏನೋ ಹೇಳಿದಳು. ‘ಹಣ್ಣು ಮಾಗ್ಯಾವ್ರಿ’ ಎಂದಂತೆ ನನಗೆ ಕೇಳಿಸಿತು. ಹಿತ್ತಲಲ್ಲಿ ಪೇರಲ ಗಿಡವಿದೆ. ‘ಛಲೋ ಆತು ಬಿಡು, ನಾಕು ಮಂದಿಗೆ ಹಂಚೂಣು’ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಕಿಟಕಿಯ ಕಡೆಗೆ ತಿರುಗಿದಳು. ವಿಜಯಪುರ ಬರುವವರೆಗೆ ಮತ್ತೆ ಮಾತಿಲ್ಲ. ಎರಡು ತಿಂಗಳಾದ ಮೇಲೆ ಮಗಳು ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಾಗಲೇ ಅಂದು ಅವಳು ಹೇಳಿದ್ದು ‘ಕಣ್ಣು ಮಂಜ ಆಗ್ಯಾವ್ರಿ’ ಎಂದು ನನಗೆ ತಿಳಿದದ್ದು. ಆ ಎರಡು ತಿಂಗಳು ಅವಳು ಗೋಡೆ ಹಿಡಿದು ಪಾವಟಿಗೆ ಇಳಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದೆ. ಎರಡು ಕಣ್ಣಿಗೂ ಪೊರೆ. ಒಂದಾದ ಮೇಲೊಂದರಂತೆ ವಿಜಯಪುರದಲ್ಲಿ ಪೊರೆ ತೆಗೆಸಿದೆವು. ಈಗ ಸೂಜಿಗೆ ದಾರ ಪೋಣಿಸುತ್ತಾಳೆ. ಆ ಮಾತು ಇರಲಿ. ಕಾರಿನ ಸಪ್ಪಳ ತಗ್ಗಿಸದ ಹೊರತು ಅವಳನ್ನು ಅದರಲ್ಲಿ ಕೂರಿಸಿಕೊಳ್ಳಲು ನನಗೆ ಮುಖವಿರಲಿಲ್ಲ.

ಮೊದಲಿಗೆ ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ಅವರು ಡಾಂಬರಿನ ಹಾಳೆ ಕೊಟ್ಟು ಬಾಗಿಲೊಳಗೆ ಅಂಟಿಸಿ ಕಳಿಸಿದರು. ಏಪ್ರಿಲ್ ಬಂತು. ನಮ್ಮ ಸೀಮೆಯ ಬಿಸಿಲು ನಾಲ್ವತ್ತು ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಲ್ಲಿ ನಿಂತ ಕಾರಿನ ಒಳಗು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಹಾಳೆ ಕರಗಿ ಜಾರಿತು. ಕಾರಿನಲ್ಲಿ ಕುಳಿತರೆ ರಸ್ತೆ ರಿಪೇರಿಯ ನಡುವೆ ಕುಳಿತ ವಾಸನೆ.

ಆಗ ಹೋದದ್ದು ನಮ್ಮೂರಿನ ಮೆಕ್ಯಾನಿಕ್ಕನ ಬಳಿಗೆ. ಅವನು ನಕ್ಕು, ‘ಮೊದಲ ಸಪ್ಪಳ ಎಲ್ಲಿಂದ ಬರ್ತೈತಿ ಹುಡುಕೂಣ್ರಿ ಸರ್, ಔಷಧ ಆಮ್ಯಾಲ’ ಎಂದ. ಗಾಲಿಯೊಂದನ್ನು ಎತ್ತಿ ತಿರುಗಿಸಿ ತೋರಿಸಿದ: ಬೇರಿಂಗು ಸವೆದು ಗೂಂಗುಡುತ್ತಿತ್ತು. ಅದನ್ನು ಬದಲಿಸಿದ ಮೇಲೆಯೇ ಸಪ್ಪಳದ ಒಂದು ದೊಡ್ಡ ಪಾಲು ಹೋಯಿತು. ಆಮೇಲೆ ಬಾಗಿಲ ಅಂಚಿನಲ್ಲಿ ಒಂದು ಕಾಗದವನ್ನಿಟ್ಟು ಬಾಗಿಲು ಮುಚ್ಚಿ ಎಳೆಯಲು ಹೇಳಿದ. ಕಾಗದ ಸಲೀಸಾಗಿ ಬಂತು. ಅಂಚಿನ ರಬ್ಬರು ಸತ್ತಿದೆ ಎಂದು ಅರ್ಥ. ಗಾಳಿ ಹೋಗುವಲ್ಲಿ ಸದ್ದೂ ಹೋಗುತ್ತದೆ. ಬಾಗಿಲ ರಬ್ಬರುಗಳನ್ನು ಹೊಸದು ಮಾಡಿಸಿದೆ. ದುಬಾರಿಯ ಹಾಳೆಗಳ ಮಾತೆತ್ತುವ ಮೊದಲು ಎಲ್ಲರೂ ಮಾಡಬೇಕಾದ ಕೆಲಸ ಇವೆರಡು ಎಂದು ನನ್ನ ಅಭಿಪ್ರಾಯ.

ಆಮೇಲೆ ಅವನು ಬಾಗಿಲ ಒಳಹಲಗೆ ಬಿಚ್ಚಿ ತಗಡಿನ ಮೇಲೆ ಬೆರಳಿಂದ ತಟ್ಟಿದ. ‘ಪತ್ರಾಸಿನ ಮನಿ ಐತ್ರಿ ಇದು’ ಎಂದ. ಆ ಒಂದು ಮಾತಿನಿಂದ ನನಗೆ ಎಲ್ಲ ಹೊಳೆಯಿತು. ನಾನು ಬೆಳೆದದ್ದು ಮಾಳಿಗೆ ಮನೆಯಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆಗಳ ಮೇಲೆ ಮೊಳದಷ್ಟು ಮಣ್ಣು. ಹೊರಗೆ ಎಂಥ ಮಳೆಯಾದರೂ ಒಳಗಿದ್ದ ಅಜ್ಜಿ ಪಿಸುಗುಟ್ಟಿದ್ದು ಕೇಳುತ್ತಿತ್ತು. ಪತ್ರಾಸಿನ ಕೆಳಗೆ ನಾಲ್ಕು ಹನಿ ಬಿದ್ದರೂ ಮಾತು ನಿಲ್ಲಿಸಬೇಕು. ಭಾರವಾದ ಗೋಡೆಯನ್ನು ಅಲುಗಿಸಲು ಸದ್ದಿಗೆ ಆಗುವುದಿಲ್ಲ. ಗೋಡೆಯ ತೂಕ ಎರಡು ಪಟ್ಟಾದರೆ ದಾಟುವ ಸದ್ದು ಸುಮಾರು ಆರು ಡೆಸಿಬೆಲ್ ತಗ್ಗುತ್ತದೆಂದು ಶಾಸ್ತ್ರಜ್ಞರ ಲೆಕ್ಕ. ಆದರೆ ಕಾರಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಅದಕ್ಕೆ ಮಣ್ಣು ಮೆತ್ತಲು ಬರುವುದಿಲ್ಲ. ಮೆತ್ತಿದರೆ ಕಾರು ಏಳುವುದಿಲ್ಲ.

ಇಲ್ಲಿಯೇ ಇರುವುದು ಜಾಣತನ. ತಗಡು ಸದ್ದನ್ನು ಒಳಕ್ಕೆ ಬಿಡುವುದಷ್ಟೇ ಅಲ್ಲ, ತಾನೂ ಅದುರಿ ಸದ್ದು ಹುಟ್ಟಿಸುತ್ತದೆ. ಆ ಅದುರನ್ನು ಕೊಲ್ಲಬೇಕು. ಅದಕ್ಕೆ ಅವನು ತರಿಸಿದ್ದು ಬ್ಯೂಟೈಲ್ ರಬ್ಬರಿನ ಹಾಳೆ, ಎರಡು ಮಿಲಿಮೀಟರ್ ದಪ್ಪ. ಒಂದು ಮೈಗೆ ಅಂಟು, ಇನ್ನೊಂದು ಮೈಗೆ ಅಲ್ಯುಮಿನಿಯಮ್ಮಿನ ತೆಳುಪದರ. ಗಾಳಿ ಸೋರದಿರಲೆಂದು ಟಾಯರಿನ ಟ್ಯೂಬಿಗೆ ಬಳಸುವುದೂ ಈ ಬ್ಯೂಟೈಲನ್ನೇ. ಡಾಂಬರಿಗಿಂತ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ತಗಡು ಬಾಗಿದಾಗ, ಬಾಗಲೊಲ್ಲದ ಅಲ್ಯುಮಿನಿಯಮ್ಮಿಗೂ ಅದಕ್ಕೂ ನಡುವೆ ಸಿಕ್ಕ ರಬ್ಬರು ಅತ್ತಿತ್ತ ಎಳೆದಾಡಿ ನಲುಗುತ್ತದೆ. ಅದುರಿನ ಶಕ್ತಿ ಅಲ್ಲಿಯೇ ಶಾಖವಾಗಿ ಆರಿಹೋಗುತ್ತದೆ. ಸ್ಪಿರಿಟಿನಿಂದ ತಗಡನ್ನು ಒರೆಸಿ, ಹಾಳೆ ಅಂಟಿಸಿ, ಸಣ್ಣ ಉರುಳೆಯಿಂದ ಒತ್ತಿದ. ಮತ್ತೆ ತಟ್ಟಿದ. ಮೊದಲು ಡಣ್ ಎಂದ ತಗಡು ಈಗ ದಬ್ ಎಂದಿತು. ಹಲಗೆಯ ದನಿ ಹೋಗಿ ಕಟ್ಟಿಗೆಯ ದನಿ ಬಂದಿತ್ತು.

ನನಗೆ ತಬಲದ ನೆನಪಾಯಿತು. ಅದರ ನಡುವಿನ ಕಪ್ಪು ಮಸಿಯೂ ಅದುರುವ ಮೈಗೆ ಮೆತ್ತಿದ ಭಾರವೇ. ಆ ಭಾರದಿಂದಾಗಿಯೇ ನಮ್ಮ ಚರ್ಮವಾದ್ಯದ ಮೇಲ್ದನಿಗಳು ಶ್ರುತಿಗೆ ಹೊಂದುತ್ತವೆಂದು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರರೊಡಗೂಡಿ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಲ್ಲಿಯ ಕಪ್ಪು ದನಿಯನ್ನು ಹದಗೊಳಿಸುತ್ತದೆ, ಇಲ್ಲಿಯ ಕಪ್ಪು ದನಿಯನ್ನು ನುಂಗುತ್ತದೆ. ತಬಲದಂತೆಯೇ ಇಲ್ಲಿಯೂ ತಗಡಿನ ಪೂರ್ತಿ ಮೈಗೆ ಹಚ್ಚುವ ಅಗತ್ಯವಿಲ್ಲ ಎಂಬುದು ನನಗೆ ಸೋಜಿಗ. ಹೆಚ್ಚು ಅದುರುವ ನಡುಭಾಗದಲ್ಲಿ ಮೂರನೆಯ ಒಂದು ಪಾಲು ಮುಚ್ಚಿದರೂ ಬಹುಪಾಲು ಕೆಲಸ ಆಗುತ್ತದೆ. ಮಿಕ್ಕದ್ದು ಹಣಕ್ಕೆ ಕುತ್ತು, ಕಾರಿಗೆ ಭಾರ. ಬಾಗಿಲ ತಳದಲ್ಲಿ ಮಳೆನೀರು ಹರಿದುಹೋಗುವ ತೂತುಗಳಿರುತ್ತವೆ; ಅವನ್ನು ಮುಚ್ಚಿದರೆ ಬಾಗಿಲು ಒಳಗಿಂದೊಳಗೆ ತುಕ್ಕು ಹಿಡಿಯುತ್ತದೆ. ಮೆಕ್ಯಾನಿಕ್ ಇದನ್ನು ಮೂರು ಸಲ ಹೇಳಿದ. ನೆಲಕ್ಕೆ ಮಾತ್ರ ರಬ್ಬರಿನ ಮೇಲೆ ದಪ್ಪ ನಮದೆಯನ್ನೂ ಹಾಸಿದ. ಗಾಲಿಯ ಸದ್ದು ಏರಿಬರುವುದು ಅಲ್ಲಿಂದಲೇ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಮೊಬೈಲಿನಲ್ಲಿ ಸದ್ದನ್ನಳೆಯುವ ಸಲಕರಣೆ ಇದೆಯೆಂದು ಮೊಮ್ಮಗ ಮೊದಲೇ ತೋರಿಸಿಕೊಟ್ಟಿದ್ದ. ಗಂಟೆಗೆ ಅರವತ್ತು ಕಿಲೋಮೀಟರಿನ ಓಟದಲ್ಲಿ ಮೊದಲು ಎಪ್ಪತ್ತೈದರ ಸುಮಾರು ತೋರಿಸುತ್ತಿದ್ದುದು ಈಗ ಎಪ್ಪತ್ತರ ಹತ್ತಿರ ಆಡಿತು. ಅಂಥ ಅಳತೆಯನ್ನು ತಕ್ಕಡಿಯಂತೆ ನಂಬಬಾರದು. ನಂಬಿದರೂ ಐದು ಡೆಸಿಬೆಲ್ ಎಂದರೆ ಸದ್ದು ಅರ್ಧವಾಯಿತೆಂದಲ್ಲ. ಅರ್ಧವೆನಿಸಲು ಹತ್ತು ತಗ್ಗಬೇಕು. ಆದರೆ ಮಾತು ತಿಳಿಯುವ, ತಿಳಿಯದಿರುವ ಅಂಚಿನಲ್ಲಿ ನಿಂತ ಕಿವಿಗೆ ಎರಡು ಮೂರು ಡೆಸಿಬೆಲ್ ಕೂಡ ದೊಡ್ಡ ಭಾಗ್ಯ. ಹಿಂದಿನ ಲಾರಿಯ ಹಾರ್ನು ಮೊದಲಿನಂತೆಯೇ ಕೇಳುತ್ತದೆ, ಕೇಳಲೂ ಬೇಕು.

ಕಣ್ಣು ತೋರಿಸಲು ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟದ ಗ್ಯಾಲರಿ ಹತ್ತಿದೆವು. 1656ರಲ್ಲಿ ಮುಗಿದ ಕಟ್ಟಡ. ಒಳಗಿನ ಅಡ್ಡಳತೆ ಸುಮಾರು ಮೂವತ್ತೆಂಟು ಮೀಟರ್. ಗಟ್ಟಿ ಗಚ್ಚಿನ ನುಣುಪು ಗೋಡೆ ದನಿಯನ್ನು ನುಂಗದೆ ತನ್ನ ಬಾಗಿನುದ್ದಕ್ಕೂ ಸಾಗಿಸುತ್ತದೆ. ಆಚೆ ಬದಿಯಲ್ಲಿ ಗೋಡೆಗೆ ಮುಖವಿಟ್ಟು ಅವಳು ನನ್ನ ಮಂದಗಿವಿಗೆ ಏನೋ ಪಿಸುಗುಟ್ಟಿದಳು. ಅಕ್ಷರ ಅಕ್ಷರ ಕೇಳಿತು. ಏನೆಂದು ಇಲ್ಲಿ ಹೇಳಲಾರೆ. ಮೂವತ್ತೆಂಟು ಮೀಟರಿನಾಚೆ ಕೇಳಿದ ಮಾತು ಒಂದು ಮೊಳದಾಚೆ ಇಷ್ಟು ವರ್ಷ ಕೇಳಿರಲಿಲ್ಲವಲ್ಲ ಎಂದು ಮೆಟ್ಟಿಲಿಳಿಯುವಾಗ ನಾಚಿಕೆಯೆನಿಸಿತು.

ಮರಳುವಾಗ ನಾನು ಹಳೆಯ ರೂಢಿಯಂತೆ ಗಂಟಲೆತ್ತಿ ಮಾತನಾಡುತ್ತಿದ್ದೆ. ‘ಯಾಕ ಒದರ್ತೀರಿ, ಬಾಜೂಕ ಅದೀನಲ್ರಿ’ ಎಂದಳು. ದನಿ ತಗ್ಗಿಸಿದೆ. ಆಗಲೇ ಇಬ್ಬರಿಗೂ ಒಂದು ಹೊಸ ಸಪ್ಪಳ ಕೇಳಿಸಿತು: ಕಟಕಟ, ಕಟಕಟ. ದೊಡ್ಡ ಸದ್ದು ಹೋದ ಮೇಲೆ ಸಣ್ಣವು ತಲೆಯೆತ್ತುತ್ತವೆಂದು ಮೆಕ್ಯಾನಿಕ್ ಎಚ್ಚರಿಸಿದ್ದ. ಮನಗೂಳಿಯ ಬಳಿ ಕಾರು ನಿಲ್ಲಿಸಿ ಹುಡುಕಿದೆವು. ಮುಂದಿನ ಖಾನೆಯಲ್ಲಿ ಅವಳ ಕಪ್ಪು ಕನ್ನಡಕದ ಡಬ್ಬಿ ಅತ್ತಿತ್ತ ಹೊರಳುತ್ತಿತ್ತು. ಅವಳು ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.