ಸ್ವಿಚ್ ಆಫ್ ಇದ್ದರೂ ಕಿಡಿ ಸತ್ತಿಲ್ಲ

(ರಾಯಿಕೋಡಿನಲ್ಲಿ ಕೆಲಸಗಾರರ ಕೂಟದಲ್ಲಿ ಆಡಿದ ಮಾತು)



ಬೀದರಿನ ವಾಯುಪಡೆಯ ತರಬೇತಿ ವಿಮಾನಗಳು ನಮ್ಮ ಸೀಮೆಗೆ ಹೊಸವಲ್ಲ. ಆದರೆ ನಾನು ಇಂದು ಹೇಳುವುದು ಅವಕ್ಕಿಂತ ಬಹಳ ಚಿಕ್ಕದಾದ, ಹಳೆಯದಾದ ಒಂದು ವಿಮಾನದ ಸಂಗತಿ. ಅದರ ಹೆಸರು ಪುಷ್ಪಕ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಅದನ್ನು ಕಟ್ಟಿದರು. 1958ರ ಸೆಪ್ಟೆಂಬರಿನಲ್ಲಿ ಅದು ಮೊದಲು ಹಾರಿತು. ಇಬ್ಬರು ಕೂರುವ ಈ ವಿಮಾನಗಳು ಸುಮಾರು 160 ತಯಾರಾದವು. ಹೆಚ್ಚಿನವು ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಎಂಜಿನ್ ಅಮೆರಿಕದ ಕಾಂಟಿನೆಂಟಲ್ ಸಿ-90. ನಾಲ್ಕು ಸಿಲಿಂಡರ್, 90 ಕುದುರೆ ಶಕ್ತಿ.

ಹದಿಹರೆಯ ಮುಗಿದ ಹೊಸತರಲ್ಲಿ ನಾನು ಅಂಥದೊಂದು ವಿಮಾನದ ಶೆಡ್ಡಿನಲ್ಲಿ ಹೆಲ್ಪರ್ ಆಗಿದ್ದೆ. ಪ್ಲಗ್ ತೊಳೆಯುವುದು, ಎಣ್ಣೆ ಒರೆಸುವುದು ನನ್ನ ಕೆಲಸ. ಅಲ್ಲಿಯ ಮೇಸ್ತ್ರಿಯವರು ಹೇಳಿಕೊಟ್ಟದ್ದನ್ನು ಮೊದಲು ತಿಳಿಸುತ್ತೇನೆ.

ಈ ಎಂಜಿನ್ನಿಗೆ ಕಿಡಿ ಕೊಡಲು ಬ್ಯಾಟರಿ ಬೇಡ. ಎರಡು ಮ್ಯಾಗ್ನೆಟೊಗಳಿವೆ. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಹಾರುವ ಮೊದಲು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 1,700 ಸುತ್ತಿಗೆ ತಂದು, ಒಂದೊಂದೇ ಮ್ಯಾಗ್ನೆಟೊ ಮೇಲೆ ಓಡಿಸಿ ನೋಡಬೇಕು. ಸುತ್ತು ಸ್ವಲ್ಪ ಇಳಿಯುತ್ತದೆ. ಎಷ್ಟು ಇಳಿಯಬಹುದೆಂದು ಕೈಪಿಡಿಯಲ್ಲಿ ಬರೆದಿರುತ್ತದೆ.

ಬಹಳ ಇಳಿದು ಎಂಜಿನ್ ನಡುಗಿದರೆ ಒಂದು ಪ್ಲಗ್ಗೋ ಅದರ ತಂತಿಯೋ ಕೆಟ್ಟಿದೆ. ಯಾವುದು? ಕೆಟ್ಟ ಕಡೆಯ ಮ್ಯಾಗ್ನೆಟೊ ಮೇಲೆ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಪ್ರತಿ ಸಿಲಿಂಡರಿನ ಹೊಗೆ ಕೊಳವೆಯ ಮೇಲೆ ಒಂದು ಹನಿ ನೀರು ಬಿಡಿ. ಮೂರರ ಮೇಲೆ ಚುರ್ ಎನ್ನುತ್ತದೆ. ನಾಲ್ಕನೆಯದು ತಣ್ಣಗಿದ್ದರೆ ಕಳ್ಳ ಸಿಕ್ಕ. ಆ ಪ್ಲಗ್ಗನ್ನು ಬೇರೆ ಸಿಲಿಂಡರಿಗೆ ಹಾಕಿ. ದೋಷವೂ ಜೊತೆಗೆ ಹೋದರೆ ಪ್ಲಗ್ ಕೆಟ್ಟಿದೆ. ಅಲ್ಲೇ ಉಳಿದರೆ ತಂತಿ ನೋಡಬೇಕು. ಕೆಳಗಿನ ಪ್ಲಗ್ಗಿನಲ್ಲಿ ಎಣ್ಣೆಯೋ ಸೀಸದ ಸಣ್ಣ ಗುಂಡುಗಳೋ ಕೂತಿರುತ್ತವೆ. 80 ಆಕ್ಟೇನ್ ಪೆಟ್ರೋಲಿಗೆಂದು ಮಾಡಿದ ಎಂಜಿನ್ನಿಗೆ ಹೆಚ್ಚು ಸೀಸವಿರುವ 100ರ ಪೆಟ್ರೋಲ್ ಹಾಕಿದಾಗ ಇದು ಜಾಸ್ತಿ. ನಡುಕವಿಲ್ಲದೆ ಸುತ್ತು ಮಾತ್ರ ಬಹಳ ಇಳಿದರೆ ಕಿಡಿಯ ಟೈಮಿಂಗ್ ನೋಡಬೇಕು.

ಇದೆಲ್ಲ ನನಗೆ ಬೇಗ ಬಂತು. ತಡವಾಗಿ ಬಂದ ಪಾಠ ಬೇರೆ.

ಒಂದು ಬೆಳಿಗ್ಗೆ ಪರೀಕ್ಷೆಯಲ್ಲಿ, ಬಲಗಡೆಗೆ ತಿರುವಿದಾಗ ಸುತ್ತು ಒಂದಿಷ್ಟೂ ಇಳಿಯಲಿಲ್ಲ. "ಬಹಳ ಚೆನ್ನಾಗಿದೆ" ಎಂದು ಬರೆದುಕೊಂಡರು. ನನಗೆ ಅನುಮಾನ ಬಂತು. ಆದರೆ ಹೆಲ್ಪರ್ ಕೇಳುವ ಮಾತೇ ಎಂದು ಸುಮ್ಮನಾದೆ. ಸಂಜೆ ಮೇಸ್ತ್ರಿಯವರು, "ತಮ್ಮಾ, ಪ್ರೊಪೆಲ್ಲರ್ ಅಡ್ಡ ಮಾಡು, ಗೌಸು ಹಾಕೋಣ" ಎಂದರು. ಸ್ವಿಚ್ ಆಫ್ ಇತ್ತು. ಅಲಗನ್ನು ಹಿಡಿದು ಎಳೆದೆ. ಎಂಜಿನ್ ಒಮ್ಮೆ ಗುಡುಗಿತು. ಅಲಗು ನನ್ನ ಅಂಗಿಯ ತೋಳನ್ನು ಸೀಳಿಕೊಂಡು ಹೋಯಿತು. ಒಂದು ಗೇಣು ಮುಂದೆ ನಿಂತಿದ್ದರೆ ಈ ಕೈ ಇರುತ್ತಿರಲಿಲ್ಲ.

ಕಾರಣ ಸಣ್ಣದು. ಸ್ವಿಚ್ ಆಫ್ ಮಾಡುವುದೆಂದರೆ ಮ್ಯಾಗ್ನೆಟೊವನ್ನು ಒಂದು ತಂತಿಯಿಂದ ಅರ್ತ್ ಮಾಡುವುದು. ಎಡ ಮ್ಯಾಗ್ನೆಟೊದ ಆ ತಂತಿ ಬುಡದಲ್ಲಿ ತುಂಡಾಗಿತ್ತು. ಬಲಗಡೆಗೆ ತಿರುವಿದರೂ ಎಡಗಡೆಯದು ನಿಲ್ಲಲಿಲ್ಲ. ಅದಕ್ಕೇ ಸುತ್ತು ಇಳಿಯಲಿಲ್ಲ. ಸಿಲಿಂಡರಿನಲ್ಲಿ ಉಳಿದ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕಾಯಿತು. ನಾವು ಆರೋಗ್ಯವೆಂದು ಬರೆದದ್ದೇ ರೋಗದ ಗುರುತಾಗಿತ್ತು.

ಇದಕ್ಕೆ ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸುವ ಮೊದಲು, ನಿಧಾನ ಓಡುವಾಗ, ಸ್ವಿಚ್ಚನ್ನು ಒಂದು ಕ್ಷಣ ಆಫ್ ಮಾಡಿ ತಿರುಗಿ ಆನ್ ಮಾಡಬೇಕು. ಎಂಜಿನ್ ಸಾಯಲು ತೊಡಗಿದರೆ ಸರಿ. ಓಡುತ್ತಲೇ ಇದ್ದರೆ ತಂತಿ ಕಡಿದಿದೆ. ಪೆಟ್ರೋಲ್ ಮುಚ್ಚಿ ನಿಲ್ಲಿಸಿ, ಪ್ರೊಪೆಲ್ಲರಿಗೆ ಚೀಟಿ ಕಟ್ಟಿ, ಯಾರೂ ಮುಟ್ಟದಂತೆ ಮಾಡಬೇಕು. ತಂತಿ ಸರಿಯಿದ್ದರೂ ಪ್ರೊಪೆಲ್ಲರನ್ನು ಯಾವಾಗಲೂ ಜೀವವಿದೆ ಎಂದೇ ತಿಳಿದು ಮುಟ್ಟಬೇಕು.

ರಾಯಿಕೋಡಿನವರಿಗೆ ವಿಮಾನದ ಗೊಡವೆ ಏಕೆ ಎನ್ನುವಿರಿ. ಬೆನ್ನಿಗೆ ಕಟ್ಟುವ ಪೆಟ್ರೋಲ್ ಔಷಧಿ ಪಂಪು, ಕಳೆ ಕೊಚ್ಚುವ ಮಷೀನು ಇಂದು ನಮ್ಮ ಹೊಲಗಳಲ್ಲಿವೆ. ಅವುಗಳಲ್ಲಿ ಹೆಚ್ಚಿನವಕ್ಕೂ ಇದೇ ರೀತಿಯ ಅರ್ತ್ ಸ್ವಿಚ್. ಅಲಗಿಗೆ ಸುತ್ತಿದ ಹುಲ್ಲು ಬಿಡಿಸುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡಿ, ಅಕ್ಕಂದಿರೇ, ಅಣ್ಣಂದಿರೇ. ಸ್ವಿಚ್ಚನ್ನು ನಂಬಿ ಕೈ ಹಾಕಬೇಡಿ.

ಇನ್ನೊಂದು ಮಾತು. ಅಂದು ಬೆಳಿಗ್ಗೆ ನಾನು ಬಾಯಿ ಬಿಟ್ಟಿದ್ದರೆ ಸಂಜೆ ಹಾಗಾಗುತ್ತಿರಲಿಲ್ಲ. ಕೆಲಸದಲ್ಲಿ ಚಿಕ್ಕವನಿಗೆ ಅನುಮಾನ ಬಂದರೆ ಅವನು ಕೇಳಲಿ. ದೊಡ್ಡವರು ನಿಂತು ಉತ್ತರ ಕೊಡಲಿ. ಕೈ ಹೋದ ಮೇಲೆ ಪರಿಹಾರ ಕೇಳಿ ಸಂಘ ಅರ್ಜಿ ಬರೆಯಬಹುದು. ಕೈಯನ್ನು ತಿರುಗಿ ತರಲಾಗದು.